ಯಾವ ಊರು ನಿಮ್ಮದು?

ಪರಸ್ಥಳದಲ್ಲಿ ಇರುವವರಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಹೇಳದೆ ಸುಮ್ಮನಿದ್ದರೆ ಅದು ಸುಳ್ಳಾಗುತ್ತದೆಯೇ? ಪುಣೆಯ ಬ್ಯಾಂಕಿನಲ್ಲಿ ನೌಕರಿ ಮುಗಿಸಿದ ಮೇಲೆ ಈ ವಿಚಾರ ನನ್ನನ್ನು ಹಿಡಿದದ್ದು ಮೊಮ್ಮಗಳು ಓದುತ್ತಿದ್ದ ಜಪಾನಿ ಚಿತ್ರಕಥೆಯೊಂದರಿಂದ. ಹೆಸರು ‘ಬೇರ್‌ಫುಟ್ ಗೆನ್’, ಬರೆದವರು ಕೇಜಿ ನಕಜಾವಾ. ಮಕ್ಕಳ ಪುಸ್ತಕ ಅಂತ ಕೈಗೆತ್ತಿಕೊಂಡೆ. ರಾತ್ರಿ ನಿದ್ದೆ ಹತ್ತಲಿಲ್ಲ.

ನಕಜಾವಾ ಹುಟ್ಟಿದ್ದು 1939ರಲ್ಲಿ, ಹಿರೋಶಿಮಾದಲ್ಲಿ. 1945ರ ಆಗಸ್ಟ್ 6ರ ಬೆಳಗ್ಗೆ ಆರು ವರ್ಷದ ಈ ಹುಡುಗ ಶಾಲೆಯ ಗೇಟಿನ ಬಳಿ ನಿಂತಿದ್ದ. ಗೋಡೆ ಅಡ್ಡವಿದ್ದದ್ದಕ್ಕೆ ಬದುಕಿದ. ತಂದೆ, ಅಕ್ಕ, ತಮ್ಮ ಹೋದರು. ಬಸುರಿ ತಾಯಿ ಅಂದೇ ಹೆತ್ತ ಹೆಣ್ಣುಕೂಸೂ ಕೆಲವೇ ತಿಂಗಳಲ್ಲಿ ತೀರಿಕೊಂಡಿತು.

1961ರಲ್ಲಿ ಮಂಗಾ ಚಿತ್ರಕಾರನಾಗಬೇಕೆಂದು ಟೋಕಿಯೋ ಸೇರಿದರು. ಬಾಂಬಿಗೆ ಸಿಕ್ಕು ಉಳಿದವನು ಅಂದರೆ ಸಾಕು, ಜನರ ನೋಟವೇ ಬದಲಾಗುತ್ತಿತ್ತು. ಅಂಥವರ ಜೊತೆ ಮದುವೆ ಸಂಬಂಧಕ್ಕೂ ಹಿಂಜರಿಯುತ್ತಿದ್ದ ಕಾಲ. ಅವರು ಬಾಯಿ ಮುಚ್ಚಿಕೊಂಡರು. ಇದನ್ನು ಹೇಡಿತನ ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. ಹೀಯಾಳಿಸುವವರ ಮುಂದೆ ಸತ್ಯ ಒಪ್ಪಿಸಲೇಬೇಕೆಂಬ ಸಾಲ ಯಾರ ತಲೆಯ ಮೇಲೂ ಇಲ್ಲ. ಆದರೆ ಆ ಮೌನದ ಬಡ್ಡಿಯನ್ನು ಬೇರೆಯವರು ಕಟ್ಟುವಂತಾದರೆ?

1966ರಲ್ಲಿ ಅವರ ತಾಯಿ ತೀರಿಕೊಂಡರು. ದಹನವಾದ ಮೇಲೆ ಅಸ್ಥಿ ಆರಿಸುವುದು ಅಲ್ಲಿಯೂ ಪದ್ಧತಿ. ಆರಿಸಲು ಹೋದರೆ ಬೂದಿ ಬಿಟ್ಟು ಮೂಳೆಯೇ ಇರಲಿಲ್ಲ. ವಿಕಿರಣ ತಾಯಿಯ ಎಲುಬನ್ನೂ ತಿಂದಿತೆಂದು ಮಗ ಕುದಿದುಹೋದ. ಆ ಸಿಟ್ಟಿನಲ್ಲಿ ಬರೆದ ಮೊದಲ ಬಾಂಬ್ ಕಥೆ 1968ರಲ್ಲಿ ಅಚ್ಚಾಯಿತು. 1973ರಲ್ಲಿ ‘ಗೆನ್’ ಶುರುವಾಯಿತು. 2012ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಹಿರೋಶಿಮಾ ನಗರವೇ ಶಾಲೆಗಳ ಶಾಂತಿಪಾಠದಿಂದ ‘ಗೆನ್’ ಅನ್ನು ತೆಗೆದುಹಾಕಿತು, ಅದು ಬೇರೆ ಮಾತು.

ಅವರ ಮೌನದ ಮುಂದೆ ನನ್ನದು ಚಿಲ್ಲರೆ. ವಿಜಯಪುರದ ಕಡೆಯವನಾದ ನನಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. 1986ರಲ್ಲಿ ಗಡಿ ಗಲಾಟೆ ಜೋರಾದಾಗ ಆಫೀಸಿನಲ್ಲಿ ನನ್ನನ್ನು ಮರಾಠಿಯವನೆಂದೇ ತಿಳಿದಿದ್ದರು, ನಾನು ತಿದ್ದಲಿಲ್ಲ. ಯಾರಿಗೇನು ನಷ್ಟ ಅಂದುಕೊಂಡಿದ್ದೆ. ಒಂದು ದಿನ, ಊರಿನಿಂದ ಬಂದಿದ್ದ ಅವ್ವ ಪಕ್ಕದ ಗಲ್ಲಿಯ ಖೋಲಿಯಿಂದ ಬುತ್ತಿ ಹಿಡಿದು ಸೀದಾ ಕೌಂಟರಿಗೆ ಬಂದಳು. ‘ತಮ್ಮಾ, ಬುತ್ತಿ ಬಿಟ್ಟು ಬಂದೀಯಲ್ಲೋ’ ಅಂದಳು. ಸುತ್ತ ನೋಡಿ ನಾನು ಮರಾಠಿಯಲ್ಲಿ ಉತ್ತರ ಕೊಟ್ಟೆ. ಅವ್ವನಿಗೆ ಮರಾಠಿ ಒಂದಕ್ಷರವೂ ಬರುತ್ತಿರಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದಳು, ಗಂಟು ಇಟ್ಟು ಹೊರಟುಹೋದಳು.

ಸಂಜೆ ಏನೂ ಆಡಲಿಲ್ಲ. ‘ಹೊತ್ತಿಗೆ ಉಂಡ್ಯಾ?’ ಅಂತ ಮಾತ್ರ ಕೇಳಿದಳು.