ಚಮಚದ ಬೆನ್ನ ಮೇಲಿನ ಹೆಸರು

ಐರ್ಲೆಂಡಿನ ಹಳೆಯ ಬೆಳ್ಳಿಯ ಚಮಚವೊಂದು ಕೈಗೆ ಬಂದರೆ, ಬಲ್ಲವರು ಮೊದಲು ಅದನ್ನು ಮಗುಚಿ ಹಿಡಿಯ ಬೆನ್ನಿಗೆ ಭೂತಗನ್ನಡಿ ಹಿಡಿಯುತ್ತಾರೆ. ಅಲ್ಲಿ ಎಳ್ಳುಕಾಳಿನಷ್ಟು ಚಿಕ್ಕ ಮುದ್ರೆಗಳ ಸಾಲೊಂದಿರುತ್ತದೆ. ಕಿರೀಟ ತೊಟ್ಟ ಹಾರ್ಪ್ ವಾದ್ಯವಿದ್ದರೆ, ಸಾವಿರದಲ್ಲಿ 925 ಪಾಲು ಬೆಳ್ಳಿಯೆಂದು ಡಬ್ಲಿನ್ನಿನ ಪರೀಕ್ಷಕರು ಒಪ್ಪಿದ್ದಾರೆಂದು ಅರ್ಥ. ಕುಳಿತ ಹೆಂಗಸು ಹೈಬರ್ನಿಯಾ, ಐರ್ಲೆಂಡಿನ ಸಾಕಾರರೂಪ. ಔನ್ಸಿಗೆ ಆರು ಪೆನ್ಸ್ ಸುಂಕ ಸಂದಿತೆಂಬುದಕ್ಕೆ ಗುರುತಾಗಿ 1730ರಲ್ಲಿ ಬಂದವಳು. ಬಿಡಿ ಅಕ್ಷರವೊಂದು ವರ್ಷವನ್ನು ತಿಳಿಸುತ್ತದೆ. ಉಳಿಯುವುದು ಒಂದು ಹೆಸರು, ಇಲ್ಲವೆ ಹೆಸರಿನ ಮೊದಲಕ್ಷರಗಳು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿ.

ಅದು ಮಾಡಿದವನ ಹೆಸರೆಂದು ನಾವು ತಟ್ಟನೆ ಹೇಳಿಬಿಡುತ್ತೇವೆ. ಆದರೆ ಅದು ಕಲಾವಿದನ ರುಜುವಲ್ಲ. ಡಬ್ಲಿನ್ನಿನ ಅಕ್ಕಸಾಲಿಗರ ಸಂಘಕ್ಕೆ ಒಂದನೆಯ ಚಾರ್ಲ್ಸ್ ದೊರೆ ಸನ್ನದು ಕೊಟ್ಟದ್ದು 1637ರಲ್ಲಿ. ಬೆಳ್ಳಿಯಲ್ಲಿ ಬೆರಕೆ ಕಂಡರೆ ಯಾರನ್ನು ಹಿಡಿದು ಕೇಳಬೇಕೆಂಬುದಕ್ಕೆ ಗುರುತು ಬೇಕಾಗಿತ್ತು. ಕಾರ್ಖಾನೆಯ ಯಜಮಾನ ತನ್ನ ಗುರುತನ್ನು ಒತ್ತಿದ. ಸುತ್ತಿಗೆ ಹಿಡಿದವನು ಅವನ ಕೂಲಿಯಾಳೋ ಕೆಲಸ ಕಲಿಯುತ್ತಿದ್ದ ಹುಡುಗನೋ ಆಗಿರಬಹುದು. ಅವರಿಗೆ ಮುದ್ರೆಯಿರಲಿಲ್ಲ.

ಮುಂದೆ ಅಂಗಡಿಯವರೂ ತಮ್ಮ ಹೆಸರನ್ನು ಒತ್ತತೊಡಗಿದರು. ಕೆಲವು ವೇಳೆ ಯಜಮಾನನ ಗುರುತಿನ ಮೇಲೆಯೇ ಒತ್ತಿದರು. ಇದು ಅನ್ಯಾಯವೆಂದು ಯಾರಿಗಾದರೂ ತೋರುತ್ತದೆ. ಆದರೆ ಅಂಗಡಿಯವನ ಮಾತನ್ನೂ ಕೇಳಬೇಕು. ಗಿರಾಕಿ ನಂಬಿ ಬಂದದ್ದು ಅವನ ಬಾಗಿಲಿಗೆ. ಹಿಡಿ ಮುರಿದರೆ ಬೈಸಿಕೊಳ್ಳುವವನೂ ಅವನೇ. ಕೂಲಿಯಾಳಿನ ಕೆಲಸಕ್ಕೆ ಯಜಮಾನ ಹೆಸರಿಟ್ಟದ್ದು ಸರಿಯಾದರೆ, ಯಜಮಾನನ ಕೆಲಸಕ್ಕೆ ವರ್ತಕ ಹೆಸರಿಟ್ಟದ್ದು ಮಾತ್ರ ಹೇಗೆ ತಪ್ಪು?

ಉತ್ತರಕ್ಕೆ ಕಾರ್ಕ್ ಪಟ್ಟಣದ ಕಡೆ ನೋಡಬಹುದು. ಅಲ್ಲಿ ಪರೀಕ್ಷೆಯ ಕಚೇರಿ ಇರಲಿಲ್ಲ, ಡಬ್ಲಿನ್ ದೂರ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಅಕ್ಕಸಾಲಿಗರು ತಮ್ಮ ಮೊದಲಕ್ಷರಗಳ ಜೊತೆಗೆ, ಬೆಳ್ಳಿ ಚೊಕ್ಕವೆಂದು ಸಾರುವ 'ಸ್ಟರ್ಲಿಂಗ್' ಎಂಬ ಮಾತನ್ನು ತಾವೇ ಒತ್ತುತ್ತಿದ್ದರು. ಅಂದರೆ, ಮಾತು ಸುಳ್ಳಾದರೆ ಹೋಗುವುದು ತಮ್ಮ ಮಾನವೇ ಎಂದು ಒಪ್ಪಿಕೊಂಡಂತೆ. ಹೆಸರಿಡುವ ಹಕ್ಕು ಬರುವುದು ಹೀಗೆ, ಹೊಣೆ ಹೊರುವುದರಿಂದ.

ಆದರೆ ಹೊಣೆಯೇ ಬೇರೆ, ಹಿರಿಮೆಯೇ ಬೇರೆ. ಇನ್ನೊಬ್ಬನ ಕೆಲಸದ ಹೊಣೆಯನ್ನು ನಾನು ಹೊರಬಹುದು. ಅದರ ಹಿರಿಮೆಯನ್ನು ನನ್ನದಾಗಿಸಿಕೊಳ್ಳಲಾರೆ. ವರ್ತಕನು ಪಕ್ಕದಲ್ಲಿ ಒತ್ತಿದ ಹೆಸರು ಜಾಮೀನು; ಮಾಡಿದವನ ಗುರುತಿನ ಮೇಲೆ ಒತ್ತಿದ್ದು ಅಪಹಾರ. ಚಮಚದ ಮೇಲೆ ಇಬ್ಬರಿಗೂ ಸ್ಥಳವಿತ್ತು.

ಬೆಳ್ಳಿಯಲ್ಲಿ ಅಡಗಿದ ಅಕ್ಷರ ಒಮ್ಮೊಮ್ಮೆ ಅಂಚಿನಲ್ಲಿ ಇಣುಕುತ್ತದೆ; ತಾಳ್ಮೆಯಿಂದ ಓದುವವನು ತಡವಾಗಿಯಾದರೂ ನ್ಯಾಯ ಸಲ್ಲಿಸಬಲ್ಲ. ನಮ್ಮ ಕಚೇರಿಗಳಲ್ಲಿ ಕೆಳಗಿನವನು ಬರೆದು, ಮೇಲಿನವನು ರುಜು ಹಾಕುವ ಕಾಗದಗಳಿಗೆ ಆ ಭಾಗ್ಯವೂ ಇಲ್ಲ. ಅಲ್ಲಿ ಬರೆದವನನ್ನು ನೆನೆಯುವ ಕೆಲಸ ರುಜು ಹಾಕಿದವನಿಗೇ ಸೇರಿದ್ದು.