ಮೌನವು ದಾನವಲ್ಲ: ಅಸ್ತೇಯ ಮತ್ತು ಚಂದಾ ನವೀಕರಣ

ಬೇಡವೆನ್ನದಿರುವುದು ಕೊಟ್ಟುದಕ್ಕೆ ಸಮವೇ ಎಂಬ ಹಳೆಯ ಧರ್ಮಪ್ರಶ್ನೆಯು ಸಾಫ್ಟ್‌ವೇರ್ ಚಂದಾಗಳ ಕಾಲದಲ್ಲಿ ಮತ್ತೆ ಎದುರಾಗಿದೆ. ಒಮ್ಮೆ ನೀಡಿದ ಒಪ್ಪಿಗೆಯ ಮೇಲೆ, ಅವಧಿ ಮುಗಿದಾಗಲೆಲ್ಲ ಖಾತೆಯಿಂದ ಹಣವನ್ನು ತಾನಾಗಿಯೇ ಕಡಿತಗೊಳಿಸುವ ಆಟೋಪೇ ವ್ಯವಸ್ಥೆಯಲ್ಲಿ ಮರೆವೂ ಮೌನವೂ ಸಮ್ಮತಿಯೆಂದೇ ಎಣಿಕೆಯಾಗುತ್ತವೆ.

ಜೈನರ ತತ್ತ್ವಾರ್ಥಸೂತ್ರವು ಕಳವನ್ನು ಅದತ್ತಾದಾನವೆಂದು, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದೆಂದು, ನಿರೂಪಿಸುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದರು, ಯಾರನ್ನೂ ಕೇಳದೆ ಊರಿನ ಬೀದಿಬಾಗಿಲುಗಳನ್ನು ಹಾದುಹೋಗುವ ಭಿಕ್ಷುವಿಗೂ ಈ ದೋಷವು ತಗಲಬೇಕಲ್ಲವೇ ಎಂಬ ಆಕ್ಷೇಪವನ್ನೆತ್ತಿ, ಅವು ಎಲ್ಲರಿಗೂ ತೆರೆದಿರುವುದರಿಂದ ದೋಷವಿಲ್ಲವೆಂದೂ ಮುಚ್ಚಿದ ಬಾಗಿಲನ್ನು ಭಿಕ್ಷುವು ಪ್ರವೇಶಿಸುವುದಿಲ್ಲವೆಂದೂ ಉತ್ತರಿಸುತ್ತಾರೆ. ಮೌನದಿಂದ ಅನುಮತಿಯನ್ನು ಊಹಿಸಬಹುದಾದ ಸಂದರ್ಭಗಳುಂಟೆಂಬುದು ಇದರಿಂದ ತಿಳಿಯುತ್ತದೆ. ಆದರೆ ಆ ಊಹೆಗೆ ಒಡೆಯನ ಇಂಗಿತವೇ ಆಧಾರವಾಗಿರಬೇಕು. ರದ್ದತಿಯ ದಾರಿಯನ್ನು ಅಡಗಿಸಿಟ್ಟ ಮಾರಾಟಗಾರನು ಆ ಇಂಗಿತವು ಹೊರಬೀಳದಂತೆ ತಾನೇ ತಡೆದಿರುವುದರಿಂದ, ಚಂದಾದಾರನ ಮೌನವನ್ನು ತನ್ನ ಪರವಾದ ಸಾಕ್ಷ್ಯವನ್ನಾಗಿ ಮುಂದಿಡಲಾರನು. ಗ್ರಾಹಕನು ಷರತ್ತುಗಳನ್ನು ಒಪ್ಪಿಯೇ ಹಣ ಕೊಟ್ಟಿದ್ದಾನೆಂಬ ವಾದವೂ ಇಲ್ಲಿ ಸಾಲದು. ಏಕೆಂದರೆ ಕೊಳ್ಳುವವನು ತಾನಾಗಿ ಬೆಲೆ ತೆತ್ತ ವ್ಯಾಪಾರದಲ್ಲಿಯೂ ಅಳತೆ-ತೂಕಗಳ ಮೋಸವನ್ನು ತತ್ತ್ವಾರ್ಥಸೂತ್ರವು ಕದಿಯದಿರುವ ಅಸ್ತೇಯವ್ರತದ ಅತಿಚಾರಗಳಲ್ಲಿ, ಅಂದರೆ ವ್ರತವನ್ನು ಕೆಡಿಸುವ ದೋಷಗಳಲ್ಲಿ, ಎಣಿಸುತ್ತದೆ.

ಇಂದಿನ ಕಾನೂನೂ ಇದೇ ವಿವೇಕದ ಕಡೆಗೆ ಸಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು, ಬಳಕೆದಾರನನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳಲ್ಲಿ ಚಂದಾ ಬಲೆಯನ್ನೂ, ಅಂದರೆ ರದ್ದತಿಯನ್ನು ಅಸಾಧ್ಯವಾಗಿಸುವ ಅಥವಾ ಜಟಿಲಗೊಳಿಸುವ ತಂತ್ರವನ್ನೂ, ಹೆಸರಿಸಿ ನಿಷೇಧಿಸಿದೆ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮವು, ಅಂದರೆ ಆವರ್ತಕ ಪಾವತಿಗೆ ಮೊದಲೇ ನೀಡುವ ಅನುಮತಿಯನ್ನು ಕುರಿತ ಕಟ್ಟಳೆಯು, ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ತಲುಪಬೇಕೆಂದು ವಿಧಿಸುವುದಲ್ಲದೆ, ಆ ಅನುಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯುವ ಅವಕಾಶವನ್ನೂ ನೀಡುತ್ತದೆ.

ಮಾರಾಟಗಾರನ ಕಚೇರಿಯು ಎಷ್ಟೇ ದೂರದಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನಂತೆ ದೂರನ್ನು ಗ್ರಾಹಕನು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದಾದ್ದರಿಂದ, ಉದಾಹರಣೆಗೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಿವಾಸಿಯು ಅಲ್ಲಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ನ್ಯಾಯ ಕೇಳಬಲ್ಲನು. ತೆತ್ತ ಬೆಲೆ ₹5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಆದರೆ ವ್ಯಾಜ್ಯಕಾರಣವು ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು. ಆದುದರಿಂದ ಚಂದಾದಾರನು ಬೇಡವಾದುದನ್ನು ಬೇಡವೆಂದು ಲಿಖಿತವಾಗಿ ತಿಳಿಸಿ, ಅದರ ದಾಖಲೆಯನ್ನು ಉಳಿಸಿಕೊಂಡು, ಇ-ಮ್ಯಾಂಡೇಟನ್ನೂ ಹಿಂಪಡೆಯಬೇಕು. ಕೊಡದ ಹಣವನ್ನು ಮರಳಿ ಕೇಳುವುದರಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ.