ಬಸುರಿಯ ಒಂದು ದಿನದ ಕೂಲಿ

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದುಡಿಯುವ ಗರ್ಭಿಣಿಗೆ ವೈದ್ಯರ ತಪಾಸಣೆ ನಿಜಕ್ಕೂ ಉಚಿತವೇ? ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಶುಲ್ಕವಿಲ್ಲದ ವಿಶೇಷ ತಪಾಸಣೆಯಿದೆ. ಆದರೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಮುಧೋಳ, ಜಮಖಂಡಿಯ ಕಬ್ಬಿನ ಹೊಲದಲ್ಲಿ ದುಡಿಯುವವಳಿಗೂ, ಬೀಳಗಿಯ ಹಳ್ಳಿಯಿಂದ ಬಸ್ಸು ಹಿಡಿಯುವವಳಿಗೂ ಇದೇ ಲೆಕ್ಕ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ ವಿಮೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಖರ್ಚು ಹೊರುತ್ತದೆ. ಆದರೆ ಆಸ್ಪತ್ರೆಗೆ ದಾಖಲಾದ ಮೇಲೆ. ಬಸುರಿಯ ರಕ್ತದೊತ್ತಡ ಏರುವುದು ಅದಕ್ಕೂ ಮೊದಲೇ. ಇ-ಸಂಜೀವನಿಯಿಂದ ಊರಿನ ಆರೋಗ್ಯ ಕೇಂದ್ರದಲ್ಲೇ ಕುಳಿತು ದೂರದ ವೈದ್ಯರೊಡನೆ ಹಣವಿಲ್ಲದೆ ಮಾತನಾಡಬಹುದು. ಇದು ದೊಡ್ಡ ಉಪಕಾರ. ಆದರೂ ರಕ್ತದೊತ್ತಡ ಅಳೆಯಲು, ಹೊಟ್ಟೆ ಮುಟ್ಟಿ ನೋಡಲು ನರ್ಸಬಾಯಿಯ ಕೈಯೇ ಬೇಕು. ಬಸುರಿ ಅವಳ ಬಳಿಗೆ ಹೋಗಲೇಬೇಕು.

ಕೂಲಿನಷ್ಟಕ್ಕೆಂದು ಮಾತೃ ವಂದನಾ ಯೋಜನೆಯಿದೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಮೂರನೆಯ ಸಲ ಬಸುರಾದವಳಿಗೆ ಏನೂ ಇಲ್ಲ. ಅವಳ ಒಡಲಿನ ಕೂಸು ಮಾಡಿದ ತಪ್ಪೇನು?

ಕುಬಸದ ದಿನ ನಾವೆಲ್ಲ ಸೇರಿ ಬಸುರಿಗೆ ಹಸಿರು ಬಳೆ ತೊಡಿಸಿ, ಬಯಸಿದ್ದನ್ನು ಉಣಿಸುತ್ತೇವೆ. ಇವಳು ನಮ್ಮೆಲ್ಲರ ಹೊಣೆ ಎಂಬುದೇ ಅದರ ಅರ್ಥ. ಆ ಹೊಣೆ ಒಂದೇ ದಿನಕ್ಕೆ ಮುಗಿಯಬಾರದು. ಹಾಸಿಗೆ ಹಿಡಿದ ಮೇಲಿನ ಖರ್ಚು ಹೊರುವ ವಿಮೆ, ತಪಾಸಣೆಯ ದಿನದ ಕೂಲಿಯನ್ನೂ ಹೊರಬೇಕೆಂದು ಕೇಳುವುದು ನ್ಯಾಯ. ಅಲ್ಲಿಯವರೆಗೆ, ನಿಮ್ಮ ಮಗ್ಗದಲ್ಲೋ ಹೊಲದಲ್ಲೋ ಬಸುರಿ ದುಡಿಯುತ್ತಿದ್ದರೆ, ಆ ದಿನದ ಕೂಲಿ ಮುರಿಯದಿರಿ.